ಆಡುಮಾತಿನ ಪದಗಳಿಗೆ ಅಕ್ಷರರೂಪ: ಉಕ್ಕಡಗಾತ್ರಿಯ ಟಿಪ್ಪಣಿಗಳಿಂದ ಕೆಲವು ವಿಚಾರಗಳು

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ತುಂಗಭದ್ರೆಯ ದಡದಲ್ಲಿರುವ ಗ್ರಾಮ. ಕರಿಬಸವೇಶ್ವರ ಅಜ್ಜಯ್ಯನವರ ಗದ್ದುಗೆಯಿಂದ ನಾಡಿನ ನಾನಾ ಭಾಗದವರಿಗೆ ಪರಿಚಿತವಾದುದು. ಅಮಾವಾಸ್ಯೆಯ ದಿನ ಅಲ್ಲಿ ಸೇರುವ ಜನರ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಕನ್ನಡವು ಒಂದಲ್ಲ, ಹಲವು ಎಂಬುದು ಬೇರೆ ಪ್ರಮಾಣವಿಲ್ಲದೆಯೇ ವಿದಿತವಾಗುತ್ತದೆ. ಸ್ಥಳೀಯ ಪದಗಳ ಒಂದು ಸಣ್ಣ ಕೋಶವನ್ನು ಸಿದ್ಧಪಡಿಸುವ ಉದ್ದೇಶದಿಂದ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಒಂದೇ ತಿಂಡಿಯ ಹೆಸರು ನಮ್ಮ ಚೀಟಿಗಳಲ್ಲಿ ಮೂರು ಬಗೆಯಾಗಿ ದಾಖಲಾಯಿತು: ದೋಸೆ, ದೋಸಿ, ದ್ವಾಸಿ. ಬರೆದವರು ಮೂವರು, ಆಡಿದವಳು ಒಬ್ಬಳೇ ಮುದುಕಿ. ಇವುಗಳಲ್ಲಿ ಯಾವುದನ್ನು ಕೋಶಕ್ಕೆ ಸೇರಿಸಬೇಕು? ಪ್ರಕೃತ ಲೇಖನ ಹುಟ್ಟಿದ್ದು ಈ ಪ್ರಶ್ನೆಯಿಂದ.

ಪ್ರಶ್ನೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ಕಾರನು ದೇಶಭೇದಗಳು ಎಷ್ಟೆಂದರೆ ವಾಸುಕಿಯೂ ಅವನ್ನು ಅರಿಯಲಾರದೆ ಬೇಸರಗೊಳ್ಳುವನೆಂದು ಹೇಳಿ ಕೈಚೆಲ್ಲಿದನು. ಆದರೆ ಕೋಶಕಾರನಿಗೆ ಬೇಸರಗೊಳ್ಳುವ ಸೌಲಭ್ಯವಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಕಿಟೆಲ್‌ನು ಆಡುಮಾತಿನ ಪದಗಳನ್ನು ಧಾರಾಳವಾಗಿ ಸೇರಿಸಿ, ಅವು ಮೈಸೂರಿನವೋ ದಕ್ಷಿಣ ಮಹಾರಾಷ್ಟ್ರ ಪ್ರಾಂತವೆಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯವೋ ಎಂಬುದನ್ನು ಸಂಕೇತಗಳಿಂದ ಗುರುತಿಸಿದನು. ಈ ಎರಡು ಸಂಕೇತಗಳ ನಡುವಣ ಗಡಿ ನಮ್ಮ ಭಾಗದಲ್ಲಿ ತುಂಗಭದ್ರೆಯೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ನೆನೆಯತಕ್ಕುದು. 1956ರ ಏಕೀಕರಣದವರೆಗೂ ಹರಿಹರ ಮೈಸೂರಿಗೆ ಸೇರಿತ್ತು. ಆಚೆ ದಡದ ರಾಣೆಬೆನ್ನೂರು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಾಲೆಯ ಪಠ್ಯಗಳೂ ಕಚೇರಿಯ ಬರಹವೂ ಎರಡು ದಡಗಳಲ್ಲಿ ಬೇರೆಬೇರೆಯಾಗಿದ್ದುವು. ಆದರೆ ಮಾತು ದೋಣಿಯೇರಿ ಅತ್ತಿಂದಿತ್ತ ಓಡಾಡುತ್ತಲೇ ಇತ್ತು.

ಈಗ ಮುದುಕಿಯ ‘ದ್ವಾಸಿ’ಗೆ ಬರೋಣ. ಕನ್ನಡದ ಅನೇಕ ಆಡುನುಡಿಗಳಲ್ಲಿ ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಎಕಾರವಿದ್ದರೆ ಹಿಂದಿನ ಏಕಾರ, ಓಕಾರಗಳ ಉಚ್ಚಾರಣೆ ಅಗಲವಾಗುತ್ತದೆ: ಬೇಡ ಎಂಬುದು ಬ್ಯಾಡ, ಮೇಲೆ ಎಂಬುದು ಮ್ಯಾಲೆ, ತೋಟ ಎಂಬುದು ತ್ವಾಟ, ಕೋಟೆ ಎಂಬುದು ಕ್ವಾಟೆ. ಮುಂದೆ ಇಕಾರ ಅಥವಾ ಉಕಾರವಿದ್ದರೆ ಈ ವ್ಯತ್ಯಾಸವಾಗದು. ಕೋಳಿ ಕೋಳಿಯಾಗಿಯೇ, ಬೇರು ಬೇರಾಗಿಯೇ ಉಳಿಯುತ್ತವೆ. ಆಡುಗನ್ನಡವನ್ನು ಕುರಿತು ವಿಲಿಯಂ ಬ್ರೈಟ್ ಅವರ ಗ್ರಂಥ 1958ರಲ್ಲಿ ಪುಣೆಯಿಂದ ಹೊರಬಂದ ಬಳಿಕ ಇಂತಹ ಸಂಗತಿಗಳು ಶಾಸ್ತ್ರೀಯ ಚರ್ಚೆಗೆ ಬಂದುವು. ಇನ್ನೊಂದು ಪ್ರವೃತ್ತಿ ಉತ್ತರದ ಕಡೆಯದು: ಪದಾಂತ್ಯದ ಎಕಾರ ಇಕಾರವಾಗುವುದು. ಜಾತ್ರೆ ಜಾತ್ರಿಯಾಗುವುದು, ಮನೆ ಮನಿಯಾಗುವುದು ಹೀಗೆ.

ಹೀಗಿರಲು ‘ದ್ವಾಸಿ’ಯಲ್ಲಿ ಒಂದು ವಿಚಿತ್ರವಿದೆ. ಕೊನೆಯಲ್ಲಿ ಇಕಾರವಿದ್ದೂ ಮೊದಲ ಸ್ವರ ಅಗಲವಾಗಿದೆ. ಕಾರಣ ಸ್ಪಷ್ಟ: ಸ್ವರ ಅಗಲವಾದಾಗ ಕೊನೆಯಲ್ಲಿ ಎಕಾರವಿತ್ತು, ಆಮೇಲೆ ಅದು ಇಕಾರವಾಯಿತು. ಎರಡು ವ್ಯತ್ಯಾಸಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ಕಾಲಾನುಕ್ರಮವೇ ಈ ಎರಡಕ್ಷರದ ಪದದಲ್ಲಿ ಹುದುಗಿದೆ. ದುರ್ಗದ ‘ಕ್ವಾಟಿ’ಯೂ ನೂರು ಲಕ್ಷದ ‘ಕೋಟಿ’ಯೂ ಒಂದೇ ಬಾಯಲ್ಲಿ ಬೇರೆಬೇರೆಯಾಗಿ ನಿಲ್ಲುವುದು ಇದರಿಂದಲೇ. ‘ದೋಸೆ’ ಎಂದು ತಿದ್ದಿದವನು ಈ ಸಾಕ್ಷ್ಯವನ್ನು ಅಳಿಸಿದನು. ‘ದೋಸಿ’ ಎಂದು ಬರೆದವನು ಇನ್ನೂ ಹೆಚ್ಚಿನ ಅಪರಾಧಿ. ಆ ಮುದುಕಿ ಆಡದೆ ಇದ್ದ ಪದವೊಂದನ್ನು ಆಕೆಯ ಬಾಯಿಗೆ ತುರುಕಿದನು. ಅರ್ಧ ತಿದ್ದಿದ ದಾಖಲೆ ಪೂರ್ತಿ ತಿದ್ದಿದ ದಾಖಲೆಗಿಂತ ಅಪಾಯಕರವೆಂದು ಶಾಸನಗಳ ಪ್ರತಿ ಎತ್ತುವವರಿಗೆ ಹೇಳಿಕೊಡಬೇಕಾಗಿಲ್ಲ.

‘ದ್ವಾ’ ಎಂಬ ಬರಹವೂ ಕಿವಿಗೆ ಬಿದ್ದ ಧ್ವನಿಗೆ ಸರಿಸಮವಲ್ಲವೆಂಬ ಆಕ್ಷೇಪಣೆಯುಂಟು. ಕೆಲವರ ಬಾಯಲ್ಲಿ ವಕಾರ ಸ್ಫುಟವಾಗಿದೆ; ಕೆಲವರಲ್ಲಿ ಇರುವುದು ಅಗಲವಾದ ಸ್ವರ ಮಾತ್ರ. ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಆದರೆ ‘ಬ್ಯಾಂಕು’ ಎಂದು ಬರೆಯುವಾಗ ಯಾರೂ ಈ ಆಕ್ಷೇಪಣೆಯನ್ನು ಎತ್ತುವುದಿಲ್ಲ. ಇಂಗ್ಲಿಷಿನ ಪದಕ್ಕೆ ಕೊಟ್ಟ ರಿಯಾಯಿತಿಯನ್ನು ‘ಬ್ಯಾಡ’ಕ್ಕೆ ಕೊಡಲು ಹಿಂಜರಿಯುವುದೇಕೋ!

ಊರ ಹೆಸರುಗಳಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. ದಾವಣಗೆರೆಯನ್ನು ಹಲವರು ದಾವಣಗೇರಿ ಎನ್ನುತ್ತಾರೆ. ಆಡಿದ್ದನ್ನು ಟಿಪ್ಪಣಿಯಲ್ಲಿ ಬರೆಯುವುದು ಸರಿಯೇ. ಆದರೆ ಅದನ್ನೇ ಮುಖ್ಯ ಉಲ್ಲೇಖವಾಗಿಸಿದರೆ ಕೆರೆಯು ಕೇರಿಯಾಗಿಬಿಡುತ್ತದೆ, ಊರ ಚರಿತ್ರೆಯಲ್ಲಿ ನೀರಿದ್ದಲ್ಲಿ ಬೀದಿ ಬರುತ್ತದೆ. ಉಕ್ಕಡಗಾತ್ರಿಯ ವಿಷಯ ಹೀಗೆ ಸುಲಭವಲ್ಲ. ಉಕ್ಕಡವೆಂದರೆ ಕಾವಲಿನ ಠಾಣೆ. ನದೀತೀರದ ಊರಿಗೆ ಒಪ್ಪುವ ಪದ. ಆದರೆ ಕೊನೆಯ ಇಕಾರ ಮೂಲದ್ದೋ, ಜಾತ್ರಿಯಲ್ಲಿನಂತೆ ಎಕಾರದಿಂದ ಬಂದುದೋ? ಹಿಂದಿರುವ ಆಕಾರವು ಎರಡಕ್ಕೂ ಬದಲಾಗದ ಸ್ವರವಾದ್ದರಿಂದ ‘ದ್ವಾಸಿ’ಯ ಪರೀಕ್ಷೆ ಇಲ್ಲಿ ನಡೆಯದು. ‘ಗಾತ್ರ’ವೆಂಬ ಸಂಸ್ಕೃತ ಪದಕ್ಕೆ ಇದನ್ನು ಎಳೆದು ತಿದ್ದುವ ಆಸೆ ಪಂಡಿತರಿಗೆ ಉಂಟಾಗಬಹುದು, ಆ ಆಸೆಯನ್ನು ತಡೆಯಬೇಕು. ಜನರೂ ಕಚೇರಿಯೂ ಬಳಸುವ ರೂಪವೇ ಇರಲಿ.

ಕಾಲೇಜಿನ ಹುಡುಗರ ಮಾತಿಗೆ ಬಂದರೆ ತೊಡಕು ಬೇರೆ ಬಗೆಯದು. ‘ಸಖತ್’ ಎಂಬುದನ್ನೇ ನನ್ನ ವಿದ್ಯಾರ್ಥಿಗಳು ಸಕತ್, ಸಖತ್, ಸಕ್ಕತ್, ಸಖತ್ತು ಎಂದು ನಾಲ್ಕು ವಿಧವಾಗಿ ಬರೆದುಕೊಟ್ಟರು. ಮೂಲ ಪಾರಸಿಯ ‘ಗಟ್ಟಿ’ ಎಂಬರ್ಥದ ಪದ. ಅದರ ಘರ್ಷಧ್ವನಿ ಕನ್ನಡಿಗರ ಬಾಯಲ್ಲಿ ಬಹುಮಟ್ಟಿಗೆ ಕಕಾರವೇ ಆಗಿದ್ದರೂ ಬರಹದಲ್ಲಿ ಮಹಾಪ್ರಾಣ ನೆಲೆಯೂರಿದೆ. ಅದನ್ನು ಕೀಳುವುದರಿಂದ ಲಾಭವಿಲ್ಲ. ಕೊನೆಯ ಉಕಾರದ ವಿಷಯದಲ್ಲಿ ಮಾತ್ರ ವ್ಯಾಕರಣ ನೆರವಾಗುತ್ತದೆ. ಪ್ರತ್ಯಯ ಹಚ್ಚಿ ನೋಡಬೇಕು. ಬಸ್ಸಿನ, ಬ್ಯಾಂಕಿನ ಎಂಬಲ್ಲಿ ಪದ ಉಕಾರಾಂತವಾಗಿ ನಡೆದುಕೊಳ್ಳುತ್ತದೆ. ‘ಸಖತ್’ ವಿಭಕ್ತಿಯನ್ನೇ ತಾಳುವುದಿಲ್ಲ; ‘ಸಖತ್ತಾಗಿ’ ಎಂಬಲ್ಲಿ ತಕಾರ ಇಮ್ಮಡಿಸುತ್ತದೆ, ಅಷ್ಟೆ. ಆದುದರಿಂದ ಉಲ್ಲೇಖ ವ್ಯಂಜನಾಂತವಾಗಿರುವುದು ಯುಕ್ತ.

ಇತಿಹಾಸದ ಅಧ್ಯಾಪಕನಾಗಿ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುವುದು ಇನ್ನೊಂದು. ಜಿ. ಪಿ. ರಾಜರತ್ನಂ ಅವರು ತಮ್ಮ ರತ್ನನಿಗಾಗಿ ಹಕಾರವನ್ನು ಕೈಬಿಟ್ಟು ‘ಯೆಂಡ’ ಎಂದು ಬರೆದರು. ಅದು ಕವಿಯ ಹಕ್ಕು, ಪಾತ್ರದ ಮೇಲಿನ ಪ್ರೀತಿ. ನಾವು ಸಂದರ್ಶನಗಳನ್ನು ಬರೆದುಕೊಳ್ಳುವಾಗ ಮಾಡುವುದು ಹಾಗಲ್ಲ. ನನ್ನ ಹಳೆಯ ಟಿಪ್ಪಣಿಗಳನ್ನು ಈಚೆಗೆ ತೆಗೆದು ನೋಡಿದೆನು. ದೋಣಿ ನಡೆಸುತ್ತಿದ್ದವನ ಹೇಳಿಕೆಯಲ್ಲಿ ‘ವೋದ್ನಿ’, ‘ಅಳ್ಳಿ’ ಎಂದೆಲ್ಲ ಇದೆ. ನಿವೃತ್ತ ಅಧಿಕಾರಿಯೊಬ್ಬರ ಹೇಳಿಕೆಯಲ್ಲಿ ‘ಹೋದೆನು’ ಎಂದಿದೆ. ‘ಹೋದೆನು’ ಎಂದು ಯಾವ ಅಧಿಕಾರಿಯೂ ಮಾತಿನಲ್ಲಿ ಆಡುವುದಿಲ್ಲ. ಒಬ್ಬನಿಗೆ ಕಿವಿಯ ಕಾಗುಣಿತ, ಇನ್ನೊಬ್ಬನಿಗೆ ಗ್ರಂಥದ ಕಾಗುಣಿತ! ಓದಿದವರಿಗೆ ಮೊದಲನೆಯವನು ಅಜ್ಞನೆಂದೂ ಎರಡನೆಯವನು ಪ್ರಮಾಣಪುರುಷನೆಂದೂ ತೋರುವಂತೆ ಮಾಡಿದ್ದು ನನ್ನ ಲೇಖನಿ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಶಾಸನಕಾಲದಿಂದ ಆಧುನಿಕರವರೆಗಿನ ಪ್ರಯೋಗಗಳನ್ನು ಅದು ಉದಾಹರಿಸುತ್ತದೆ. ಅದರ ಆಧಾರ ಮುಖ್ಯವಾಗಿ ಬರಹವಾದ್ದರಿಂದ ಕಾಗುಣಿತದ ಹೊಣೆ ಮೂಲ ಬರೆದವನದು. ಬರಹವನ್ನೇ ಕಾಣದ ಪದದಲ್ಲಿ ಆ ಹೊಣೆ ಸಂಗ್ರಾಹಕನ ಮೇಲೆ ಬೀಳುತ್ತದೆ.

ನಮ್ಮ ಕೋಶದಲ್ಲಿ ಸದ್ಯಕ್ಕೆ ಅನುಸರಿಸುತ್ತಿರುವುದು ಇಷ್ಟು. ಗ್ರಂಥಸ್ಥ ರೂಪವಿರುವ ಪದಕ್ಕೆ ಅದೇ ಮುಖ್ಯ ಉಲ್ಲೇಖ. ಅದರ ಕೆಳಗೆ ಕೇಳಿದ ರೂಪ, ಕೇಳಿದ ಊರು, ಆಡಿದವರ ವಯಸ್ಸು. ಕೇಳಿದ ರೂಪಕ್ಕೂ ಅಕಾರಾದಿಯಲ್ಲಿ ತನ್ನದೇ ಸ್ಥಾನವಿದ್ದು, ಅಲ್ಲಿಂದ ಮುಖ್ಯ ಉಲ್ಲೇಖಕ್ಕೆ ಸೂಚನೆ. ‘ಅಶುದ್ಧ’ವೆಂಬ ಗುರುತನ್ನು ಎಲ್ಲಿಯೂ ಹಾಕುವುದಿಲ್ಲ. ‘ದ್ವಾಸಿ’ಯು ದಕಾರದಲ್ಲಿ ಕುಳಿತಿದೆ. ‘ದೋಸಿ’ ಎಂದು ಬರೆದಿದ್ದ ವಿದ್ಯಾರ್ಥಿ ತನ್ನ ಚೀಟಿಯನ್ನು ಹರಿಯಲು ಹೊರಟಿದ್ದನು, ಬೇಡವೆಂದೆನು. ಆಚೆ ದಡದವನಾದ ಅವನು ತನ್ನ ಮನೆಯಲ್ಲಿ ಹಾಗೆಯೇ ಕೇಳಿದ್ದಿರಬಹುದೆಂಬ ಸಂಶಯದಿಂದ, ಅದನ್ನು ಬೇರೆ ಲಕೋಟೆಯಲ್ಲಿ ತೆಗೆದಿರಿಸಿದ್ದೇನೆ.