ನೂರರಲ್ಲಿ ಎಷ್ಟು ಮಂದಿಗೆ?

2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ನಟ ಪುನೀತ್ ರಾಜ್‌ಕುಮಾರ್ ಅವರಿಗೆ 46 ವರ್ಷ. ಅವರ ಅಪ್ಪನ ಊರು ಗಾಜನೂರು ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ. ಕನ್ನಡವೇ ಮನೆಮಾತಾದ ಆ ಹಳ್ಳಿಗಳಿಗೆ ಅದು ಮನೆಯ ಮಗನ ಸಾವು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದವರ ಸಾಲು ಉದ್ದವಾಯಿತು. ನನಗೂ ಹೀಗಾದೀತೇ ಎಂಬ ಭಯ ಎಲ್ಲರದು.

ಅದಕ್ಕೆ ಹೌದು ಅಥವಾ ಇಲ್ಲ ಎಂದು ಖಚಿತವಾಗಿ ಹೇಳಲು ಯಾವ ವೈದ್ಯರಿಗೂ ಆಗದು. ಇದೇ ವಯಸ್ಸು, ಇಷ್ಟೇ ಬಿಪಿ, ಇದೇ ಬೀಡಿ ಚಟ ಇರುವ ನೂರು ಮಂದಿಯಲ್ಲಿ ಹತ್ತು ವರ್ಷದೊಳಗೆ ಎಷ್ಟು ಜನಕ್ಕೆ ಹೃದಯಾಘಾತವೋ ಲಕ್ವವೋ ಆಗಬಹುದು ಎಂದಷ್ಟೇ ಹೇಳಬಲ್ಲರು. ಈ ಬಗೆಯ ಲೆಕ್ಕಕ್ಕೆ ಬುನಾದಿ ಬಿದ್ದದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ. 1948ರಿಂದ ಅಲ್ಲಿನ 5,209 ಜನರ ಆರೋಗ್ಯವನ್ನು ದಶಕಗಟ್ಟಲೆ ಗಮನಿಸುತ್ತಾ ಬಂದರು.

ಒಂದು ಊರಿನ ಲೆಕ್ಕ ಲೋಕಕ್ಕೆಲ್ಲ ಒಗ್ಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ವಲಯಗಳಾಗಿ ವಿಂಗಡಿಸಿ ಹೊಸ ಅಪಾಯಪಟ್ಟಿಗಳನ್ನು ಹೊರತಂದಿತು. ಅವುಗಳಲ್ಲಿ ಒಂದು ಬಗೆಗೆ ರಕ್ತಪರೀಕ್ಷೆಯೇ ಬೇಡ. ವಯಸ್ಸು, ಲಿಂಗ, ಧೂಮಪಾನ, ಬಿಪಿ, ಎತ್ತರ-ತೂಕ ಗೊತ್ತಿದ್ದರೆ ಸಾಕು. ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕಾದ ಜನರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಈ ಪಟ್ಟಿಗಳಿಗೂ ಕೊರತೆಗಳಿವೆ, ಅವು ನಮ್ಮವರಿಗೇ ಹೆಚ್ಚು ತಟ್ಟುವಂಥವು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಬರುತ್ತದೆ, ಉಳಿದವರಿಗೆ 59ರ ಹತ್ತಿರ. ಪಟ್ಟಿ ಶುರುವಾಗುವುದು 40ರಿಂದ. ಅದರಲ್ಲಿ ವಯಸ್ಸಿನದೇ ದೊಡ್ಡ ಪಾಲು. ಹಾಗಾಗಿ 42ರ ಬೀಡಿ ಸೇದುವ ರೈತನಿಗೆ ಸಣ್ಣ ಅಂಕಿಯೇ ಸಿಗಬಹುದು. ಸಣ್ಣ ಅಂಕಿ ಎಂದರೆ ಅಭಯವಲ್ಲ. ಅಪ್ಪ-ಅಮ್ಮನ ಹೃದಯದ ಚರಿತ್ರೆಯನ್ನಂತೂ ಆ ಪಟ್ಟಿ ಕೇಳುವುದೇ ಇಲ್ಲ.

ಬ್ರಿಟನ್ನಿನ ಕ್ಯೂರಿಸ್ಕ್ ಎಂಬ ಅಪಾಯಲೆಕ್ಕ ಅದನ್ನು ಕೇಳುತ್ತದೆ. ಭಾರತೀಯ ಮೂಲದವರಿಗೆ ಬೇರೆಯದೇ ತೂಕ ಕೊಡುತ್ತದೆ. ಲಕ್ಷಾಂತರ ಜನರ ವೈದ್ಯಕೀಯ ದಾಖಲೆ ಅಲ್ಲಿ ಕಂಪ್ಯೂಟರಿನಲ್ಲಿರುವುದರಿಂದ ಇದು ಸಾಧ್ಯವಾಯಿತು. ಆದರೆ ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಸುಮಾರು ಶೇ. 22 ಮಾತ್ರ. ಬೆಟ್ಟದ ಹಾಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನ ಸಾವು ಯಾವ ಕಡತಕ್ಕೂ ಸೇರದಿದ್ದರೆ, ಅವನ ಮಗನ ಅಪಾಯವನ್ನು ದೇಶ ಲೆಕ್ಕ ಹಾಕುವುದು ಹೇಗೆ? ಹಳ್ಳಿಯ ಸಾವಿನ ಕಾರಣ ಬರೆದಿಡುವುದು ದುಬಾರಿ ಯಂತ್ರ ಕೊಳ್ಳುವಷ್ಟೇ ಮುಖ್ಯ.

ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಶುರುಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ, ಮಾತ್ರೆ ಮನೆಬಾಗಿಲಿಗೇ ಬರುತ್ತವೆ. ಕೇಂದ್ರದ ತಪಾಸಣಾ ನಮೂನೆ 30 ದಾಟಿದವರಿಗೆಲ್ಲ ಅನ್ವಯ. ಸೊಂಟದ ಸುತ್ತಳತೆ, ತಂಬಾಕು, ಕುಡಿತದ ಜೊತೆಗೆ ಹೆತ್ತವರಿಗೋ ಒಡಹುಟ್ಟಿದವರಿಗೋ ಹೃದಯದ ತೊಂದರೆ ಇತ್ತೇ ಎಂದೂ ಅದರಲ್ಲಿ ಕೇಳುತ್ತಾರೆ. ಒಟ್ಟು ಅಂಕ 4 ಮೀರಿದವರನ್ನು ಮೊದಲು ತಪಾಸಣೆಗೆ ಕರೆಯಬೇಕೆಂಬುದು ನಿಯಮ.