ಹಳೆಯ ಮನೆಯಲ್ಲಿ ಉಗ್ರಾಣ: ಕಪಾಟಿಗಿಂತ ಮೊದಲು ಗಾಳಿ, ತೇವ

ಕರಾವಳಿಯ ಹಳೆಯ ಹಂಚಿನ ಮನೆಗಳಲ್ಲಿ ಈಗ ಜಾಗಕ್ಕೆ ಬರವಿಲ್ಲ, ಜನರಿಗೆ ಬರ. ಇಪ್ಪತ್ತು ಮಂದಿಗೆಂದು ಕಟ್ಟಿದ ಮನೆಯಲ್ಲಿ ಉಳಿದಿರುವುದು ಅಜ್ಜಿ, ಸೊಸೆ, ಇಬ್ಬರು ಮಕ್ಕಳು. ಮಿಕ್ಕವರು ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದಾರೆ. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆ, ಮರದ ಮೆಟ್ಟಿಲಿನ ಅಡಿ, ಒಲೆಯ ಮೇಲಿನ ಅಟ್ಟ ಎಲ್ಲವೂ ಹಳೆ ಚಾಪೆ, ಮುರಿದ ಕುರ್ಚಿಗಳ ಪಾಲಾಗಿವೆ. ಅವುಗಳಲ್ಲೊಂದನ್ನು ಉಗ್ರಾಣ ಮಾಡಿಕೊಳ್ಳುವುದು ಒಳ್ಳೆಯ ಯೋಚನೆಯೇ. ರಮಝಾನ್‌ಗೆ ಮೊದಲು ತರುವ ಸಾಮಾನು, ಊರಿಗೆ ಬಂದವರು ತರುವ ಖರ್ಜೂರ, ಬಾದಾಮಿ ಇಡಲು ಜಾಗವಾಗುತ್ತದೆ. ಆದರೆ ಯಾವ ಜಾಗ ಎಂಬುದನ್ನು ಬಡಗಿಯನ್ನು ಕರೆಯುವ ಮೊದಲೇ ತೀರ್ಮಾನಿಸಬೇಕು.

ಹೆಚ್ಚಿನವರು ಅಟ್ಟವನ್ನೇ ಆರಿಸುತ್ತಾರೆ. ಹಿರಿಯರು ಅಕ್ಕಿ ಮುಡಿ, ಒಣಮೆಣಸು, ಕೊಬ್ಬರಿಯನ್ನು ಅಲ್ಲೇ ಇಡುತ್ತಿದ್ದರು, ಮಳೆಗಾಲದಲ್ಲೂ ಅವು ಕೆಡುತ್ತಿರಲಿಲ್ಲ ಎಂಬುದು ಕಾರಣ. ನಿಜ, ಆದರೆ ಅದು ಅಟ್ಟದ ಗುಣವಲ್ಲ, ಕೆಳಗಿನ ಒಲೆಯ ಗುಣ. ಬೆಳಗಿನಿಂದ ರಾತ್ರಿಯವರೆಗೆ ಏರುತ್ತಿದ್ದ ಬಿಸಿಯೂ ಹೊಗೆಯೂ ತೇವವನ್ನು ಹೀರುತ್ತಿದ್ದವು, ಹುಳುಗಳನ್ನು ದೂರವಿಡುತ್ತಿದ್ದವು. ಗ್ಯಾಸ್ ಬಂದ ಮೇಲೆ ಹೆಂಗಸರ ಕಣ್ಣಿಗೆ, ಎದೆಗೆ ನೆಮ್ಮದಿಯಾಯಿತು. ಅಟ್ಟ ಮಾತ್ರ ಮೊದಲಿನಂತಿಲ್ಲ. ಬೇಸಿಗೆಯಲ್ಲಿ ಕಾದ ಹಂಚಿನ ಕಾವು, ಜೂನ್ ಕಳೆದರೆ ಒಣಗದ ತೇವ.

ಯೂನಾನಿ ವೈದ್ಯಪದ್ಧತಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತದೆ, ಅವುಗಳಲ್ಲಿ ಮೊದಲನೆಯದು ಗಾಳಿ. ತೇವ ಮತ್ತು ಬಿಸಿ ಸೇರಿದಲ್ಲಿ ‘ಉಫೂನತ್’, ಅಂದರೆ ಕೊಳೆಯುವಿಕೆ ಶುರು ಎಂಬುದು ನಮ್ಮ ಹಳೆಯ ಹಕೀಮರ ಮಾತು. ಅದರ ಒಂದು ರೂಪ ಬೂಷ್ಟು. ನೆಲಗಡಲೆ, ಕೊಬ್ಬರಿ, ಒಣಮೆಣಸು, ಮೆಕ್ಕೆಜೋಳದಲ್ಲಿ ಬೆಳೆಯುವ ಒಂದು ಜಾತಿಯ ಬೂಷ್ಟು ‘ಅಫ್ಲಾಟಾಕ್ಸಿನ್’ ಎಂಬ ವಿಷವನ್ನು ಬಿಡುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಹೋದರೂ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರರಷ್ಟು ಮಂದಿ ಸತ್ತರು. ಬೂಷ್ಟು ಕೆರೆದು, ತೊಳೆದು, ಬಿಸಿಲಿಗಿಟ್ಟು, ಹುರಿದು ಬಳಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಈ ವಿಷ ಅಡುಗೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ಕೋಳಿಗೂ ಹಾಕಬೇಡಿ, ಎಸೆಯಿರಿ.

ಆದ್ದರಿಂದ ಮೊದಲು ಗೋಡೆ ಪರೀಕ್ಷಿಸಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಅಂಟಿಸಿ ಗೋಡೆಗೆ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಒಳಮುಖದಲ್ಲಿ ನೀರಹನಿ ಇದ್ದರೆ ಗೋಡೆಯೇ ಒದ್ದೆ, ಹೊರಮುಖದಲ್ಲಿದ್ದರೆ ಕೋಣೆಯ ಗಾಳಿ ತೇವ. ಮಳೆಗಾಲದಲ್ಲಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಬಚ್ಚಲಿಗೆ ಅಂಟಿದ ಗೋಡೆ ಬೇಡ. ಮುರಕಲ್ಲಿನ ಹಳೆ ಗೋಡೆಗೆ ಸಿಮೆಂಟ್ ಬಳಿದು ಆಯಿಲ್ ಪೇಂಟ್ ಹೊಡೆಸಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಕೆಲವೇ ಮಳೆಗೆ ಹೊಪ್ಪಳೆ ಏಳುತ್ತದೆ. ಸುಣ್ಣವೇ ಸಾಕು, ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ.

ಹಲಗೆಗಳು ಗೋಡೆಯಿಂದ ಮೂರು ಬೆರಳು ದೂರ, ಕೆಳಗಿನದು ನೆಲದಿಂದ ಒಂದಡಿ ಮೇಲೆ ಇರಲಿ. ಗಾಳಿಗೆ ಕೆಳಗೊಂದು, ಮೇಲೊಂದು ಕಿಂಡಿ ಬೇಕು. ಎರಡಕ್ಕೂ ಕಾಲು ಇಂಚಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿ. ಚಿಕ್ಕ ಇಲಿಗೆ ನಮ್ಮ ಕಿರುಬೆರಳಿನಷ್ಟು ಸಂದಿಯೂ ಬಾಗಿಲೇ. ಮಳೆಗಾಲದ ಇಲಿಜ್ವರ ಬರುವುದು ಇಲಿಯ ಮೂತ್ರದಿಂದ, ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋರು ಮಳೆಯ ದಿನ ಕಿಂಡಿ ಮುಚ್ಚಿಡಲು ಹಲಗೆಯೂ ಇರಲಿ. ಅಂಥ ದಿನ ಹೊರಗಿನ ಗಾಳಿ ಬಿಟ್ಟುಕೊಂಡರೆ ತೇವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಧಾನ್ಯ, ಮೆಣಸನ್ನು ಬಿಸಿಲಿನಿಂದ ತಂದ ಕೂಡಲೇ ಡಬ್ಬಕ್ಕೆ ಸುರಿಯಬೇಡಿ. ಪೂರ್ತಿ ತಣಿಯಲಿ, ಇಲ್ಲವಾದರೆ ಒಳಗೆ ಬೆವರುತ್ತದೆ. ಎಣ್ಣೆ, ಬಾದಾಮಿ, ಗೋಡಂಬಿ ಬೆಳಕು ತಗುಲಿದರೆ ಕಮಟಾಗುತ್ತವೆ. ಗಾಜಿನ ಹಂಚಿನ ಕೆಳಗೆ ಅವುಗಳಿಗೆ ಜಾಗವಿಲ್ಲ. ಖಮೀರ, ಮಜೂನ್‌ಗಳಿಗೆ ಒದ್ದೆ ಚಮಚ ಹಾಕಬೇಡಿ.

ಹುಳು ಬಿತ್ತೆಂದು ಅಂಗಡಿಯಲ್ಲಿ ಗುಟ್ಟಾಗಿ ಕೊಡುವ ‘ಅಕ್ಕಿ ಮಾತ್ರೆ’ ಮನೆಯೊಳಗೆ ಬೇಡವೇ ಬೇಡ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರ ಪ್ರಾಣ ತೆಗೆಯಬಲ್ಲದು. ಒಣಗಿಸಿದ ಬೇವಿನೆಲೆ ಹಾಕಿ, ಸ್ವಲ್ಪ ಸ್ವಲ್ಪವೇ ತನ್ನಿ, ಹಳೆಯದನ್ನು ಮೊದಲು ಮುಗಿಸಿ. ಸೀಮೆಎಣ್ಣೆ, ಫಿನೈಲ್, ಇಲಿಪಾಷಾಣ ಈ ಕೋಣೆಗೆ ಬರಲೇಬಾರದು, ಅದರಲ್ಲೂ ಜ್ಯೂಸಿನ ಹಳೆ ಬಾಟಲಿಯಲ್ಲಿ. ಮಕ್ಕಳಿಗೆ ಬಾಟಲಿಯ ಗುರುತೇ ಗುರುತು.

ಇನ್ನು ಇರುವೆಗೆಂದು ಕಪಾಟಿನ ಕಾಲಡಿಗೆ ನೀರಿನ ಬಟ್ಟಲು ಇಡುವವರು ಮೂರು ದಿನಕ್ಕೊಮ್ಮೆ ಚೆಲ್ಲಿ, ಬಟ್ಟಲಿನ ಒಳಬದಿ ತಿಕ್ಕಿ ತೊಳೆದು ಹೊಸ ನೀರು ಹಾಕಿ. ಡೆಂಗಿಯ ಸೊಳ್ಳೆ ಮೊಟ್ಟೆಯಿಡಲು ಅಷ್ಟು ನೀರೇ ಸಾಕು.