‘ನೀವು ಎಲ್ಲಿಂದ ಮಾತಾಡ್ತಿದ್ದೀರಿ?’

ರಾತ್ರಿ ಹತ್ತೂವರೆ ಗಂಟೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಳಿ ಬೈಕೊಂದು ಜಾರಿ ಬಿದ್ದಿದೆ ಎಂದಿಟ್ಟುಕೊಳ್ಳಿ. ಹಿಂದೆಯೇ ಬರುತ್ತಿದ್ದ ಕಾಲೇಜು ಹುಡುಗನೊಬ್ಬ ಮೊಬೈಲ್ ತೆಗೆದು 112 ಒತ್ತುತ್ತಾನೆ. ಆ ಕಡೆಯಿಂದ ಪ್ರಶ್ನೆ: ‘ನೀವು ಎಲ್ಲಿಂದ ಮಾತಾಡ್ತಿದ್ದೀರಿ?’ ಗಾಬರಿಯಲ್ಲಿ ಹುಡುಗನ ಉತ್ತರ: ‘ಹೊಸೂರಿಂದ ಸಾರ್, ಬೇಗ ಬನ್ನಿ!’

ಯಾವ ಹೊಸೂರು? ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ನಮ್ಮ ಕಡೆಯದು. ಬೆಂಗಳೂರಿನವರಿಗೆ ಹೊಸೂರು ಎಂದರೆ ತಮಿಳುನಾಡಿನ ಕೈಗಾರಿಕಾ ಪಟ್ಟಣ. ಅದೇ ಹೆಸರಿನ ಊರುಗಳು ಇನ್ನೂ ಹಲವು ಕಡೆ ಇವೆ. ರಸ್ತೆಯ ಮೇಲೆ ರಕ್ತ ಸುರಿಯುತ್ತಿರುವಾಗ ಈ ಗೊಂದಲ ಬಿಡಿಸಲು ಹಿಡಿಯುವ ಒಂದೊಂದು ನಿಮಿಷವೂ ದುಬಾರಿ.

ಕಳೆದ ಕೆಲವು ವರ್ಷಗಳಲ್ಲಿ ಪೊಲೀಸರ ತುರ್ತು ಕರೆ ವ್ಯವಸ್ಥೆ ಬಹಳ ಬದಲಾಗಿದೆ. ಕಂಪ್ಯೂಟರ್ ಬಂದಿದೆ, ಉಪಗ್ರಹ ಬಂದಿದೆ, ಗಸ್ತು ವಾಹನದೊಳಗೆ ನಕ್ಷೆ ತೋರಿಸುವ ಪರದೆ ಬಂದಿದೆ. ಆದರೂ ‘ಎಲ್ಲಿ?’ ಎಂಬ ಆ ಹಳೆಯ ಪ್ರಶ್ನೆ ಹಾಗೇ ಉಳಿದಿದೆ. ಏಕೆ ಎಂಬುದನ್ನು ವಿದ್ಯಾರ್ಥಿಗಳೂ ತಂದೆತಾಯಿಗಳೂ ತಿಳಿದಿರಬೇಕು.

ಒಂದು ಬೆಂಕಿ ಕಲಿಸಿದ ಪಾಠ

1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಐವರು ಮಹಿಳೆಯರು ಸತ್ತರು. ಬೆಂಕಿಯನ್ನು ಕಂಡ ನೆರೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನು ಮಾಡಲು ಹೋದರೆ, ಎಕ್ಸ್‌ಚೇಂಜಿನಲ್ಲಿ ಅವರ ಕರೆಯೂ ಉಳಿದ ಮಾಮೂಲಿ ಕರೆಗಳ ಸಾಲಿನಲ್ಲೇ ಕಾಯಬೇಕಾಯಿತು. ಅವರು ಪತ್ರಿಕೆಗೆ ಬರೆದ ಪತ್ರ ದೊಡ್ಡ ಚರ್ಚೆಗೆ ಕಾರಣವಾಯಿತು. ಫಲವಾಗಿ 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಎಂಬ ತುರ್ತು ಸಂಖ್ಯೆ ಜಾರಿಗೆ ಬಂತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರಲ್ಲಿ, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಪುಟ್ಟ ಊರಿನಿಂದ.

ನಮ್ಮಲ್ಲಿ ಪೊಲೀಸರಿಗೆ 100, ಬೆಂಕಿಗೆ 101 ಎಂದು ಬೇರೆ ಬೇರೆ ಸಂಖ್ಯೆಗಳಿದ್ದವು. 2008ರಲ್ಲಿ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಬಂತು. ಅಪಘಾತವಾದಾಗ ಮೊದಲು ಯಾರನ್ನು ಕರೆಯಬೇಕು ಎಂದು ಯೋಚಿಸುತ್ತಾ ನಿಲ್ಲುವವರೇ ಹೆಚ್ಚು. ಹಾಗಾಗಿ 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ದೇಶಕ್ಕೆಲ್ಲ ಒಂದೇ ಸಂಖ್ಯೆ ಇರಲಿ, ಅದು 112 ಆಗಿರಲಿ ಎಂದು ಶಿಫಾರಸು ಮಾಡಿತು. 2018ರಲ್ಲಿ ಹಿಮಾಚಲ ಪ್ರದೇಶ ಇದನ್ನು ಮೊದಲು ಆರಂಭಿಸಿತು. ಮರುವರ್ಷ ಕರ್ನಾಟಕವೂ ಸೇರಿಕೊಂಡಿತು.

ಈ ಏರ್ಪಾಟಿನಲ್ಲಿ ಕೆಲಸ ಎರಡು ಭಾಗವಾಗಿದೆ. ರಾಜ್ಯ ಮಟ್ಟದ ಕೇಂದ್ರದಲ್ಲಿ ಒಬ್ಬರು ನಿಮ್ಮ ಕರೆ ಸ್ವೀಕರಿಸಿ ವಿವರಗಳನ್ನು ಕಂಪ್ಯೂಟರಿಗೆ ತುಂಬುತ್ತಾರೆ. ಆ ವಿವರ ನೋಡಿ, ಹತ್ತಿರ ಯಾವ ವಾಹನವಿದೆಯೋ ಅದನ್ನು ಕಳಿಸುವುದು ಇನ್ನೊಬ್ಬರ ಕೆಲಸ. ಜಿಲ್ಲೆಯ ಕೇಂದ್ರವೂ ಇದರ ಮೇಲೆ ಕಣ್ಣಿಟ್ಟಿರುತ್ತದೆ.

ಅನುಕೂಲ ದೊಡ್ಡದೇ. ಆದರೆ ಒಂದು ಮಾತು ಗಮನಿಸಿ. ಹಿಂದೆ ಊರಿನ ಠಾಣೆಗೆ ಫೋನು ಮಾಡಿ ‘ಅರಳೀಕಟ್ಟೆ ಹತ್ತಿರ’ ಎಂದರೆ ಅಲ್ಲಿದ್ದ ಕಾನ್‌ಸ್ಟೆಬಲ್‌ಗೆ ಅರ್ಥವಾಗುತ್ತಿತ್ತು. ದೂರದ ಕೇಂದ್ರದಲ್ಲಿ ಕೂತವರಿಗೆ ನಿಮ್ಮೂರಿನ ಅರಳೀಕಟ್ಟೆ ಗೊತ್ತಿರುವುದಿಲ್ಲ!

ಮೊಬೈಲಿಗೆ ಜಾಗ ತಿಳಿಯುವುದು ಹೇಗೆ?

‘ನಾನಿರುವ ಜಾಗ ಮೊಬೈಲಿಗೆ ಗೊತ್ತಲ್ಲವೇ ಸಾರ್?’ ಎಂದು ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಗೊತ್ತು, ಆದರೆ ಯಾವಾಗಲೂ ಕರಾರುವಾಕ್ಕಾಗಿ ಅಲ್ಲ.

ಜಾಗ ತಿಳಿಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೊಬೈಲ್ ಗೋಪುರ. ನಿಮ್ಮ ಫೋನು ಯಾವ ಗೋಪುರದ ಜೊತೆ ಮಾತಾಡುತ್ತಿದೆ ಎಂಬುದು ಕಂಪನಿಗೆ ತಿಳಿದಿರುತ್ತದೆ. ಪಟ್ಟಣದಲ್ಲಿ ಗೋಪುರಗಳು ಒತ್ತೊತ್ತಾಗಿರುವುದರಿಂದ ಅಂದಾಜು ಹತ್ತಿರ ಬರುತ್ತದೆ. ಹಳ್ಳಿಗಾಡಿನಲ್ಲಿ ಒಂದು ಗೋಪುರ ಹಲವು ಕಿಲೋಮೀಟರ್ ಸುತ್ತಳತೆಯನ್ನು ನೋಡಿಕೊಳ್ಳುತ್ತದೆ. ಅಷ್ಟರೊಳಗೆ ನಾಲ್ಕು ಊರು, ಎರಡು ಕೆರೆ, ಒಂದು ಗುಡ್ಡ ಇರಬಹುದು.

ಎರಡನೆಯದು ಜಿಪಿಎಸ್. ಭೂಮಿಯಿಂದ ಸುಮಾರು 20,000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತ ಕಳಿಸುತ್ತಿರುತ್ತವೆ. ರೇಡಿಯೊ ತರಂಗದ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂದರೆ ಸಂಕೇತ ಇಳಿದು ಬರಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಸಾಕು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನು ತನ್ನ ಜಾಗವನ್ನು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ತಪ್ಪು ಕೆಲವೇ ಮೀಟರು. ಆದರೆ ಆರ್‌ಸಿಸಿ ಮನೆಯೊಳಗೆ, ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ ಸಂಕೇತ ಸೊರಗುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ದೂರವೇನಿಲ್ಲ. ರೇಡಿಯೊ ತರಂಗಕ್ಕೆ ರಾಜ್ಯದ ಗಡಿ ಕಾಣುವುದಿಲ್ಲ. ಗಡಿಯ ಹಳ್ಳಿಯಲ್ಲಿ ನಿಮ್ಮ ಫೋನಿಗೆ ಆಚೆಯ ಗೋಪುರದ ಸಂಕೇತವೇ ಬಲವಾಗಿ ಸಿಕ್ಕರೆ, ಕರೆ ನೆರೆಯ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದೆ. ಆದ್ದರಿಂದ ಗಡಿಯಲ್ಲಿರುವವರು ‘ಕರ್ನಾಟಕ, ಚಿಕ್ಕಬಳ್ಳಾಪುರ ಜಿಲ್ಲೆ’ ಎಂದೇ ಮಾತು ಶುರು ಮಾಡುವುದು ಒಳ್ಳೆಯದು.

ಬೆಟ್ಟ ಮತ್ತು ವೈರ್‌ಲೆಸ್

ಜಾಗ ತಿಳಿದ ಮೇಲೆ ಸುದ್ದಿ ಗಸ್ತಿನ ಪೊಲೀಸರಿಗೆ ಮುಟ್ಟಬೇಕು. ಇಲ್ಲಿ ಮೊಬೈಲ್ ಜಾಲವನ್ನೊಂದೇ ನೆಚ್ಚಿಕೊಂಡರೆ ಆಗುವುದಿಲ್ಲ. ಜಾತ್ರೆಯಲ್ಲಿ ಸಾವಿರಾರು ಜನ ಒಮ್ಮೆಲೇ ಫೋನು ಹಿಡಿದಾಗ ಲೈನು ಸಿಗದೆ ಪರದಾಡಿದ್ದು ನಿಮಗೆ ನೆನಪಿರಬಹುದು. ಪೊಲೀಸ್ ವೈರ್‌ಲೆಸ್ ಅವರದೇ ಜಾಲ. ಒಬ್ಬರು ಗುಂಡಿ ಒತ್ತಿ ಮಾತಾಡಿದರೆ ಆ ಚಾನೆಲ್‌ನಲ್ಲಿರುವ ಎಲ್ಲರಿಗೂ ಏಕಕಾಲಕ್ಕೆ ಕೇಳಿಸುತ್ತದೆ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಕಾರುಗಳಿಗೆ ನಿಯತವಾಗಿ ಸುದ್ದಿ ಬಿತ್ತರಿಸಲು ಆರಂಭಿಸಿದಾಗ ಕಾರಿನವರು ಕೇಳಬಹುದಿತ್ತು, ಉತ್ತರಿಸಲಾಗುತ್ತಿರಲಿಲ್ಲ. ಎರಡೂ ಕಡೆ ಮಾತಾಡುವ ಸೌಲಭ್ಯ 1930ರ ದಶಕದಲ್ಲಿ ಬಂತು.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಸಿಗುತ್ತದೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕ ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ತರಂಗಗಳನ್ನು ಹಿಡಿಯಲೆಂದೇ ಕಟ್ಟಿದ್ದು. ಅವುಗಳ ತರಂಗದೂರ ಸುಮಾರು 8.7 ಮೀಟರ್. ಪೊಲೀಸರ ವಿಎಚ್‌ಎಫ್ ಸೆಟ್ಟುಗಳು ಕೆಲಸ ಮಾಡುವುದು 150 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಅಲ್ಲಿ ತರಂಗದೂರ 2 ಮೀಟರ್. ಇಂಥ ತರಂಗ ಹೆಚ್ಚುಕಡಿಮೆ ನೇರ ಸಾಗುತ್ತದೆ, ಬೆಟ್ಟ ಅಡ್ಡ ಬಂದರೆ ಹಿಂದೆ ನೆರಳು ಬೀಳುತ್ತದೆ. ಬೆಟ್ಟಗುಡ್ಡಗಳ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಸಮಸ್ಯೆಯಲ್ಲ.

ಆದರೆ ಅದೇ ಬೆಟ್ಟ ಉಪಕಾರಿಯೂ ಹೌದು. ದಿಗಂತದ ದೂರ ಕಿಲೋಮೀಟರಿನಲ್ಲಿ ಬೇಕಾದರೆ, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ವಾಕಿಟಾಕಿಗೆ ದಿಗಂತ ನಾಲ್ಕೂಕಾಲು ಕಿ.ಮೀ. ಚಿಲ್ಲರೆ ಅಷ್ಟೆ. ಸುತ್ತಲಿನ ಬಯಲಿಗಿಂತ 500 ಮೀಟರ್ ಎತ್ತರದ ಬೆಟ್ಟದ ಮೇಲಿಂದ ಅದೇ ದೂರ ಸುಮಾರು 80 ಕಿ.ಮೀ.! ಅದಕ್ಕೇ ಒಂದು ಕಡೆಯ ಮಾತು ಹಿಡಿದು ಮತ್ತೆ ಬಲವಾಗಿ ಬಿತ್ತರಿಸುವ ರಿಪೀಟರ್‌ಗಳನ್ನು ಎತ್ತರದ ಜಾಗಗಳಲ್ಲಿ ಇಡುತ್ತಾರೆ.

ಹಳೆಯ ಅನಲಾಗ್ ಸೆಟ್ಟಿನ ಮಾತನ್ನು ಹೊರಗಿನವರೂ ಕದ್ದು ಕೇಳಬಹುದಿತ್ತು. ಡಿಜಿಟಲ್ ಸೆಟ್ಟಿನಲ್ಲಿ ಮಾತು ಅಂಕಿಗಳಾಗುತ್ತದೆ, ಅದನ್ನು ಗೂಢಲಿಪಿಗೆ ತಿರುಗಿಸಬಹುದು. ಒಂದು ದೋಷವೂ ಇದೆ. ಅನಲಾಗ್‌ನಲ್ಲಿ ದೂರ ಹೋದಂತೆ ಗೊರಗೊರ ಸದ್ದು ಹೆಚ್ಚಿ ಎಚ್ಚರಿಸುತ್ತಿತ್ತು. ಡಿಜಿಟಲ್‌ನಲ್ಲಿ ಮಾತು ಕೊನೆಯವರೆಗೂ ಸ್ಪಷ್ಟವಾಗಿದ್ದು ಥಟ್ಟನೆ ನಿಂತುಬಿಡುತ್ತದೆ.

ತಮಾಷೆಯ ಕರೆಯ ಗಣಿತ

ಇನ್ನು, ಕೆಲವರು ಸುಮ್ಮನೆ ತಮಾಷೆಗೆ 112 ಒತ್ತುತ್ತಾರೆ. ‘ಒಂದು ಕರೆಯಿಂದ ಏನಾದೀತು?’ ಎನ್ನುವವರು ಈ ಲೆಕ್ಕ ನೋಡಿ.

20ನೆಯ ಶತಮಾನದ ಆರಂಭದಲ್ಲಿ ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್, ಕರೆಗಳು ಕಾಯುವ ಸಾಲಿನ ಗಣಿತಕ್ಕೆ ಅಡಿಪಾಯ ಹಾಕಿದ. ಅದರ ಸರಳ ಮಾದರಿ ಹೀಗಿದೆ: ಉತ್ತರಿಸುವವರು ಒಬ್ಬರೇ, ಒಂದು ಕರೆಗೆ ಸರಾಸರಿ 3 ನಿಮಿಷ, ಕರೆಗಳು ಬರುವುದಕ್ಕೆ ಗೊತ್ತಾದ ಹೊತ್ತಿಲ್ಲ. ಅವರು ತಮ್ಮ ಅರ್ಧ ಸಮಯ ಮಾತ್ರ ಕರೆಯಲ್ಲಿ ತೊಡಗಿದ್ದರೆ ಹೊಸ ಕರೆ ಸರಾಸರಿ 3 ನಿಮಿಷ ಕಾಯಬೇಕು. ನೂರಕ್ಕೆ ತೊಂಬತ್ತರಷ್ಟು ಸಮಯ ತೊಡಗಿದ್ದರೆ? ಐದಾರು ನಿಮಿಷ ಎಂದು ನೀವು ಊಹಿಸಬಹುದು. ಉತ್ತರ 27 ನಿಮಿಷ! ಕೇಂದ್ರದಲ್ಲಿ ಹಲವರು ಇರುವುದರಿಂದ ಕಾಯುವ ಹೊತ್ತು ಇಷ್ಟಾಗುವುದಿಲ್ಲ ನಿಜ. ಆದರೆ ಕೇಂದ್ರ ತುಂಬುತ್ತಾ ಹೋದಂತೆ ಸಾಲು ಏಕಾಏಕಿ ಬೆಳೆಯುವುದು ಅಲ್ಲಿಯೂ ಸತ್ಯ. ತಮಾಷೆಯ ಕರೆ ತುಂಬಿಸುವುದು ಆ ಕೊನೆಯ ಜಾಗವನ್ನೇ.

ಕೈತಪ್ಪಿ ಕರೆ ಹೋದರೆ ಹೆದರಿ ಕತ್ತರಿಸಬೇಡಿ. ‘ತಪ್ಪಾಗಿ ಹೋಯಿತು, ಇಲ್ಲಿ ಏನೂ ತೊಂದರೆಯಿಲ್ಲ’ ಎಂದು ಹೇಳಿ ಇಡಿ. ಇಲ್ಲದಿದ್ದರೆ ಅವರು ಮತ್ತೆ ಕರೆ ಮಾಡಿ ವಿಚಾರಿಸಬೇಕಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಕೆಲಸ

ನಮ್ಮ ಮಂಚೇನಹಳ್ಳಿಯನ್ನೇ ತೆಗೆದುಕೊಳ್ಳಿ. ಇಲ್ಲಿನ ಅಜ್ಜ ತಾನು ಕೋಲಾರ ಜಿಲ್ಲೆಯವನೆಂದೇ ಹೇಳಬಹುದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅಪ್ಪನ ಹಳೆಯ ಕಾಗದಪತ್ರಗಳಲ್ಲಿ ತಾಲ್ಲೂಕು ಗೌರಿಬಿದನೂರು. ಈಗ ಮಂಚೇನಹಳ್ಳಿಯೇ ತಾಲ್ಲೂಕು. ಒಂದೇ ಮನೆಗೆ ಮೂರು ವಿಳಾಸ! ಯಾವುದನ್ನು ಹೇಳಬೇಕೆಂದು ಮನೆಯವರೆಲ್ಲ ಮೊದಲೇ ಒಮ್ಮತಕ್ಕೆ ಬಂದಿರಬೇಕು.

ತಂದೆತಾಯಿಗಳೇ, ಇಂದು ಸಂಜೆ ಒಂದು ರಟ್ಟಿನ ಮೇಲೆ ಮಕ್ಕಳ ಕೈಯಲ್ಲೇ ಬರೆಸಿ: ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಶಾಲೆ ಅಥವಾ ಡೇರಿ, ಯಾವ ಊರಿನ ಕಡೆಯಿಂದ ಬಂದರೆ ಎಷ್ಟು ದೂರ. ಅದನ್ನು ಬಾಗಿಲ ಹಿಂದೆ ಅಂಟಿಸಿ. ಮನೆಯಲ್ಲಿ ತೆಲುಗು ಮಾತಾಡುವ ಅಜ್ಜಿಯರಿದ್ದರೆ ಅವರಿಗೂ ಬಾಯಿಪಾಠ ಮಾಡಿಸಿ. ರಸ್ತೆಯಲ್ಲಿ ಹೋಗುವಾಗ ಕಿಲೋಮೀಟರ್ ಕಲ್ಲು ಓದುವ ಅಭ್ಯಾಸ ಮಕ್ಕಳಿಗೆ ಬರಲಿ. ಹೆದ್ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ವಿಳಾಸ ಇನ್ನೊಂದಿಲ್ಲ.

ಫೋನಿನ ವಿಷಯಕ್ಕೆ ಬಂದರೆ, ಲಾಕ್ ಆದ ಮೊಬೈಲಿನಿಂದಲೂ ತುರ್ತು ಕರೆ ಮಾಡಬಹುದು. 2017ರಿಂದ ಮಾರಾಟವಾಗುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂಬುದು ಸರ್ಕಾರದ ನಿಯಮ. ಗುಂಡಿ ಎಲ್ಲಿದೆ, ಎಷ್ಟು ಸಲ ಒತ್ತಬೇಕು ಎಂಬುದು ಫೋನಿನಿಂದ ಫೋನಿಗೆ ಬೇರೆಯಾಗಬಹುದು. ನಿಮ್ಮ ಫೋನಿನದನ್ನು ಈಗಲೇ ನೋಡಿಟ್ಟುಕೊಳ್ಳಿ, ಆದರೆ ಒತ್ತಿ ಪರೀಕ್ಷಿಸಬೇಡಿ.

ಕರೆ ಮಾಡಿದಾಗ ಮೊದಲು ಜಾಗ ಹೇಳಿ, ಆಮೇಲೆ ಏನಾಗಿದೆ, ಎಷ್ಟು ಜನಕ್ಕೆ ಪೆಟ್ಟಾಗಿದೆ ಎಂಬುದನ್ನು ಹೇಳಿ. ಲೈನು ನಡುವೆ ಕಡಿದುಹೋದರೂ ಜಾಗ ಅವರಿಗೆ ತಿಳಿದಿದ್ದರೆ ವಾಹನ ಹೊರಡುತ್ತದೆ. ಏನಾಯಿತೆಂದು ತಿಳಿದು ಎಲ್ಲಿ ಎಂಬುದೊಂದು ತಿಳಿಯದಿದ್ದರೆ ವಾಹನ ಎಲ್ಲಿಗೆ ಹೊರಟೀತು?